ಹೊಳೆಯಲ್ಲಿ ನಿಂತಿದ್ದಾಕೆ

ಪ್ರಶಸ್ತಿ ಪ್ರಕಟವಾದ ಮೇಲಿನ ಭಾನುವಾರ ಪಿ.ಜೆ. ಬಡಾವಣೆಯ ಆ ಮನೆಯ ಮುಂದೆ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಮರುಳಸಿದ್ದಮ್ಮ ಬೆಳಗಿನಿಂದ ಕಾಫಿ ಸೋಸಿ ಸಾಕಾಗಿ, ಕೊನೆಗೆ ಬೀದಿ ತುದಿಯ ಹೋಟೆಲಿನಿಂದ ಫ್ಲಾಸ್ಕಿನಲ್ಲಿ ತರಿಸಿದ್ದರು. ಹಣ್ಣಿನ ಬುಟ್ಟಿಗಳು ದಿವಾನದ ಮೇಲೆ ಸಾಲಾಗಿದ್ದವು. ಶಾಲುಗಳು ಕುರ್ಚಿಯ ಬೆನ್ನಿಗೆ ಜೋತುಬಿದ್ದಿದ್ದವು. ಅವುಗಳ ನಡುವೆ ಅವರ ಮಗಳು ಕೃತಿಕಾ ಏಳುತ್ತ, ಕೈಮುಗಿಯುತ್ತ, ಫೋಟೊಗೆ ನಿಲ್ಲುತ್ತ, ಮತ್ತೆ ಕೂರುತ್ತ ಇದ್ದಳು. ಅವಳು ನಿರ್ದೇಶಿಸಿದ ‘ಮಡಿಲು ತುಂಬ ನೀರು’ ಚಿತ್ರಕ್ಕೆ ಆ ವರ್ಷದ ರಾಜ್ಯ ಪ್ರಶಸ್ತಿ ಬಂದಿತ್ತು.

ಬಂದವರಲ್ಲಿ ಅವಳ ಸೋದರಮಾವನೂ ಇದ್ದ. ಹಿಂದೆ ಇದೇ ಪಡಸಾಲೆಯಲ್ಲಿ ಕೂತು, “ಹುಡುಗೀನ ಸಿನಿಮಾಕ್ಕೆ ಕಳಿಸಿದ್ರೆ ನಾಳೆ ಯಾರು ಸಂಬಂಧ ಬೆಳೆಸ್ತಾರೆ?” ಎಂದು ಕೇಳಿದವನು ಅವನೇ. ಈಗ ಎಲ್ಲರಿಗೂ, “ಸಣ್ಣಾಕಿ ಇದ್ದಾಗ ಮೊದ್ಲು ಕ್ಯಾಮೆರಾ ಕೊಡಿಸಿದ್ದು ನಾನೇ” ಎಂದು ಹೇಳುತ್ತಿದ್ದ. ಕೃತಿಕಾ ನಕ್ಕಳು.

ಮಧ್ಯಾಹ್ನದ ಹೊತ್ತಿಗೆ ಮನೆ ಖಾಲಿಯಾಯಿತು. ಬಾಗಿಲ ಪಕ್ಕದ ಸ್ಟೂಲಿನಲ್ಲಿ ಒಬ್ಬ ಹೆಂಗಸು ಮಾತ್ರ ಉಳಿದಳು. ಮೂವತ್ತೈದರ ಆಸುಪಾಸು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಬಿಗಿಯಾಗಿ ಹೆಣೆದ ಜಡೆ. ಹಾರವನ್ನಾಗಲಿ ಹಣ್ಣನ್ನಾಗಲಿ ತಂದಿರಲಿಲ್ಲ.

“ಒಳಗ ಬಂದು ಕೂಡ್ರಿ, ಯಾಕ ಅಲ್ಲೇ ಕೂತೀರಿ?” ಎಂದರು ಮರುಳಸಿದ್ದಮ್ಮ.

“ಮೇಡಂ ಹತ್ರ ಒಂದು ಮಾತು ಆಡೋದೈತ್ರಿ. ಹರಿಹರದಿಂದ ಬಂದೀನಿ. ನನ್ನ ಹೆಸರು ರೇಖಾ.” ಆಕೆ ಎದ್ದು ನಿಂತಳು. ಕೃತಿಕಾಳ ಮುಖವನ್ನೇ ನೋಡಿದಳು. “ನಿಮ್ಮ ಸಿನಿಮಾದಾಗೆ ಹೊಳ್ಯಾಗೆ ನಿಂತಾಕಿ ನಾನೇ.”

ಕೃತಿಕಾಳ ಮುಖ ಅರಳಿತು. ಓಡಿಹೋಗಿ ಆಕೆಯ ಕೈ ಹಿಡಿದಳು. “ನೀವಾ? ನಿಮ್ಮನ್ನ ಎಷ್ಟು ಸಲ ನೆನೆಸಿಕೊಂಡಿದೀನಿ ಗೊತ್ತಾ? ಅಮ್ಮಾ, ಬಾ ಇಲ್ಲಿ, ಒಂದು ಫೋಟೊ ತೆಗಿ.”

“ಫೋಟೊ ಬ್ಯಾಡ್ರಿ,” ಎಂದು ರೇಖಾ ಮೆಲ್ಲಗೆ ಕೈ ಬಿಡಿಸಿಕೊಂಡಳು. “ಅದ್ನ ಹೇಳಕ್ಕೇ ಬಂದೀನಿ.”

*

ಆ ದೃಶ್ಯ ಸಿಕ್ಕಿದ್ದು ತುಂಗಭದ್ರೆಯ ದಂಡೆಯ ಉಕ್ಕಡಗಾತ್ರಿಯಲ್ಲಿ. ಹೆರಿಗೆಯಾದ ಮೇಲೆ ಮನಸ್ಸು ಕದಡಿಹೋದ ಒಬ್ಬ ಸೊಸೆಯ ಕಥೆ ಕೃತಿಕಾಳ ಚಿತ್ರದ್ದು. ಮನೆಯವರು ಗಾಳಿ ಸೋಕಿದೆ ಎಂದು ತಿಳಿಯುತ್ತಾರೆ. ಕಾಯಿಲೆ ಎಂದು ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಆದರೂ ಆಕೆ ಕೊನೆಗೆ ಚೇತರಿಸಿಕೊಳ್ಳುತ್ತಾಳೆ. ಚಿತ್ರೀಕರಣಕ್ಕೆ ಜಾಗ ನೋಡಲೆಂದು ತಂಡ ಅಲ್ಲಿಗೆ ಹೋದಾಗ, ಗಾಳಿ ಬಿಡಿಸಿಕೊಳ್ಳಲು ಅಜ್ಜಯ್ಯನ ಗದ್ದುಗೆಗೆ ಬಂದ ಭಕ್ತರು ಹೊಳೆಯಲ್ಲಿ ಮುಳುಗೇಳುತ್ತಿದ್ದರು. ಅವರ ನಡುವೆ ಸೊಂಟದವರೆಗಿನ ನೀರಿನಲ್ಲಿ ಒಬ್ಬ ಹೆಂಗಸು ಕೂದಲು ಬಿಚ್ಚಿಕೊಂಡು ನಿಂತಿದ್ದಳು. ಇಬ್ಬರು ಆಕೆಯ ಭುಜ ಹಿಡಿದಿದ್ದರು. ಆಕೆ ಆಕಾಶ ನೋಡಿ ಒಂದೇ ಸಮನೆ ಕಿರುಚಿದಳು. ಆಮೇಲೆ ಇದ್ದಕ್ಕಿದ್ದಂತೆ ತಣ್ಣಗಾಗಿ ನೀರನ್ನು ನೋಡುತ್ತ ನಿಂತಳು.

ದಂಡೆಯ ಮೇಲಿದ್ದ ಕ್ಯಾಮೆರಾಮನ್ ತಾರಿಕ್, “ತೆಗೀಲಾ?” ಎಂದಿದ್ದ.

“ತೆಗಿ,” ಎಂದಿದ್ದಳು ಕೃತಿಕಾ.

ಸಂಕಲನದಲ್ಲಿ ಆ ತುಣುಕು ನಟಿಯ ದೃಶ್ಯದ ಪಕ್ಕದಲ್ಲೇ ಬಂದು ಕೂತಿತು. ನೋಡಿದವರೆಲ್ಲ ಅದೊಂದನ್ನೇ ಹಿಡಿದು ಮಾತಾಡಿದರು. ಪತ್ರಿಕೆಗಳು ಬರೆದವು. ಹೊರದೇಶದ ಚಿತ್ರೋತ್ಸವವೊಂದು ಕರೆ ಕಳಿಸಿತು. ಎಂಜಿನಿಯರಿಂಗ್ ಓದಿ, ಕೆಲಸ ಬಿಟ್ಟು, ಬೇರೆಯವರ ಸೆಟ್ಟುಗಳಲ್ಲಿ ಹತ್ತು ವರ್ಷ ಸಹಾಯಕಿಯಾಗಿ ದುಡಿದವಳು ಕೃತಿಕಾ. ಜೊತೆಯ ಹುಡುಗರನ್ನು ‘ಡೈರೆಕ್ಟ್ರೇ’ ಎಂದು ಕರೆಯುವವರು ಇವಳಿಗೆ ‘ಏನಮ್ಮಾ, ಹೀರೋಯಿನ್‌ಗೆ ಕೊಡೆ ಹಿಡಿ’ ಎನ್ನುತ್ತಿದ್ದರು. ದಲಾಲಿ ಅಂಗಡಿ ನಡೆಸುತ್ತಿದ್ದ ತಂದೆ ಕೊಟ್ಟೂರೇಶಪ್ಪ ಎರಡು ವರ್ಷ ಮಗಳ ಜೊತೆ ಮಾತು ಬಿಟ್ಟಿದ್ದರು. ಮತ್ತೆ ಮಾತಾಡಲು ಶುರುಮಾಡಿದ ಮೇಲೆ ಅವರು ಬಹಳ ದಿನ ಬದುಕಲಿಲ್ಲ. ಅಷ್ಟೆಲ್ಲ ದಾಟಿ ಬಂದವಳನ್ನು ನಾಡು ಗುರುತಿಸಿದ್ದು ಆ ಒಂದು ದೃಶ್ಯದಿಂದ.

*

“ಸಿನಿಮಾ ಮೊಬೈಲ್‌ನಾಗೆ ಬಂತಲ್ರಿ, ಅದ್ರಾಗಿಂದ ಅಷ್ಟನ್ನೇ ಯಾರೋ ಕತ್ತರಿಸಿ, ಹಾಡು ಹಾಕಿ ಬಿಟ್ಟಾರೆ,” ಎಂದಳು ರೇಖಾ. ಅವಳ ದನಿಯಲ್ಲಿ ಸಿಟ್ಟಿಗಿಂತ ಆಯಾಸ ಹೆಚ್ಚಿತ್ತು. “ನಗೋ ಹಾಡು. ನಾನು ಕಿರುಚೋದಕ್ಕೆ ತಾಳ ಹಾಕ್ಯಾರೆ. ನಮ್ಮ ಮಗಳು ಸಹನಾ ಒಂಬತ್ತನೇ ಕ್ಲಾಸು. ಅವಳ ಕ್ಲಾಸಿನ ಹುಡುಗ್ರು ಅವಳ ಮುಂದೇನೇ ಹಂಗೆ ಮಾಡಿ ತೋರಿಸ್ತಾರಂತೆ. ಸ್ಕೂಲಿಗೆ ಹೋಗಲ್ಲ ಅಂತ ಕೂತಾಳೆ. ನಾನು ರೊಟ್ಟಿ ಮಾಡಿ ಮಾರ್ತೀನ್ರಿ. ತಿಂಗಳಗಟ್ಟಲೆ ತಗೊಳ್ಳೋ ಗಿರಾಕಿಗಳು ಈಗ ನನ್ನ ಮುಖ ನೋಡಿ, ‘ಬ್ಯಾಡ ಬಿಡವ್ವ’ ಅಂತಾರೆ.”

“ಆ ರೀಲ್ ಮಾಡಿದವರು ನಾವಲ್ಲ,” ಎಂದಳು ಕೃತಿಕಾ. “ಅದನ್ನ ತೆಗೆಸೋದಕ್ಕೆ ನಾನೇ ದೂರು ಕೊಡ್ತೀನಿ. ಆದ್ರೆ ನೀವು ಪೂರ್ತಿ ಸಿನಿಮಾ ನೋಡಿದೀರಾ? ಅದು ನಿಮ್ಮಂಥವರ ಪರವಾಗೇ ಇದೆ. ಇದು ದೆವ್ವ ಅಲ್ಲ, ಕಾಯಿಲೆ, ವಾಸಿಯಾಗುತ್ತೆ ಅಂತಾನೇ ಹೇಳಿದೀನಿ.”

“ನೋಡಿಲ್ರಿ. ಧೈರ್ಯ ಬರಲಿಲ್ಲ. ನಮ್ಮ ಮನೆಯವರು ನೋಡ್ಯಾರೆ. ಚಲೋ ಐತೆ ಅಂದ್ರು.” ರೇಖಾ ಕುರ್ಚಿಯ ಬೆನ್ನಿನ ಶಾಲುಗಳನ್ನು ನೋಡಿದಳು. “ನನ್ನ ಪರವಾಗಿ ಮಾಡೋರು, ನನ್ನ ಒಂದು ಮಾತು ಕೇಳಬೌದಿತ್ತಲ್ರಿ.”

“ಅವತ್ತು ನೀವಿದ್ದ ಸ್ಥಿತಿಯಲ್ಲಿ ಹೇಗೆ ಕೇಳೋದಿತ್ತು ಹೇಳಿ? ಅದು ಎಲ್ಲರೂ ಇರೋ ಜಾಗ...”

“ಎಲ್ಲರೂ ಇದ್ರು. ಯಾರೂ ನಗಲಿಲ್ಲ. ಎಲ್ಲರದೂ ಒಂದೊಂದು ನೋವು ಇತ್ತಲ್ಲ ಅಲ್ಲಿ.” ಆಕೆ ಸೆರಗನ್ನು ಸರಿಪಡಿಸಿಕೊಂಡಳು. “ಚಿಕ್ಕೋನು ಹುಟ್ಟಿದಾಗ ನಂಗೆ ಹಂಗಾತು. ಅಜ್ಜಯ್ಯನೂ ಕೈ ಬಿಡಲಿಲ್ಲ, ಆಮೇಲೆ ಇಲ್ಲೇ ನಿಮ್ಮ ಬಡಾವಣ್ಯಾಗೆ ಡಾಕ್ಟ್ರಿಗೆ ತೋರಿಸಿದ್ರು, ಅವರೂ ಕೈ ಬಿಡಲಿಲ್ಲ. ಮಾತ್ರೆ ತಗೊಂಡೆ, ಆರಾಮಾದೆ. ಜ್ವರ ಬಂದು ಹೋದೋರ್ನ ಯಾರೂ ಜ್ವರದಾಕಿ ಅನ್ನಲ್ಲ. ನಾನು ಹೊಳಿಯಿಂದ ಎದ್ದು ಬಂದು ವರ್ಷಗಳಾದ್ವು ಮೇಡಂ. ನಿಮ್ಮ ಸಿನಿಮಾದಾಗೆ ಇನ್ನೂ ಅಲ್ಲೇ ನಿಂತೀನಿ.”

ಆ ದೃಶ್ಯದ ಬಗ್ಗೆ ವಿಚಾರ ಮಾಡಿ ಹೇಳುತ್ತೇನೆ ಎಂದಳು ಕೃತಿಕಾ. ಮೊಬೈಲ್ ನಂಬರ್ ಬರೆಸಿಕೊಂಡಳು. ಮರುಳಸಿದ್ದಮ್ಮ ಊಟಕ್ಕೆ ಒತ್ತಾಯ ಮಾಡಿದರು. ರೇಖಾ ಬೇಡವೆಂದು, ನೀರು ಕುಡಿದು, ಇಬ್ಬರಿಗೂ ಕೈಮುಗಿದು ಹೋದಳು.

*

ಮರುದಿನ ಕೃತಿಕಾ ನಿರ್ಮಾಪಕ ಕರಿಬಸವರಾಜನ ಅಂಗಡಿಗೆ ಹೋದಳು. ಅವನದು ಮೂರು ತಲೆಮಾರಿನ ಜವಳಿ ವ್ಯಾಪಾರ. ಸಿನಿಮಾದ ಹುಚ್ಚಿಗೆ ಇದೊಂದು ಚಿತ್ರಕ್ಕೆ ಬಂಡವಾಳ ಹಾಕಿದ್ದ. ಸೀರೆಯ ಗಂಟುಗಳ ನಡುವೆ ಕೂತೇ ಅವನು ಎಲ್ಲವನ್ನೂ ಕೇಳಿದ.

“ಪಾಪ ಅನ್ಸುತ್ತೆ, ಇಲ್ಲ ಅನ್ನಲ್ಲ,” ಎಂದ. “ಆದ್ರೆ ನೋಡಮ್ಮ ಕೃತಿಕಾ, ಇವತ್ತು ಈಕಿ ಬಂದ್ಲು, ನಾಳೆ ದಂಡಿ ಮೇಲೆ ನಿಂತಿದ್ದ ಇನ್ನೊಬ್ರು ಬರ್ತಾರೆ. ಹಂಗಾದ್ರೆ ಬೀದ್ಯಾಗೆ ಕ್ಯಾಮೆರಾ ಇಡೋದೇ ಬ್ಯಾಡ ಏನು? ಬಿಡುಗಡೆಗೆ ಮೊದ್ಲೇ ವಕೀಲರನ್ನ ಕೇಳಿದ್ದೆ, ನಮ್ಮದೇನೂ ತಪ್ಪಿಲ್ಲ ಅಂದಿದ್ರು. ಹೊರದೇಶದೋರು ಕರ್ದಿರೋದೇ ಆ ದೃಶ್ಯ ನೋಡಿ. ಈಗ ತೆಗೆದ್ರೆ ಸೆನ್ಸಾರಿನೋರಿಗೆ ಹೇಳ್ಬೇಕು, ಮೊಬೈಲ್ ಕಂಪ್ನಿಯೋರಿಗೆ ಹೇಳ್ಬೇಕು, ಪ್ರಶಸ್ತಿ ಕೊಟ್ಟೋರು ಏನಂತಾರೋ ಅದೂ ಗೊತ್ತಿಲ್ಲ. ಬೇಕಾದ್ರೆ ಮುಖ ಮಸುಕು ಮಾಡ್ಸೋಣ. ಅಷ್ಟಕ್ಕೆ ಬಿಡು.”

ಅವನ ಮಾತಿನಲ್ಲಿ ಅನ್ಯಾಯವೇನೂ ಕಾಣಲಿಲ್ಲ. ಮುಖ ಮಸುಕು ಮಾಡುವುದು ನ್ಯಾಯವಾದ ನಡುದಾರಿ ಎಂದೇ ಕೃತಿಕಾಳಿಗೂ ಅನ್ನಿಸಿತು. ಮನೆಗೆ ಬಂದು ತಾಯಿಗೂ ಅದನ್ನೇ ಹೇಳಿದಳು. ಮರುಳಸಿದ್ದಮ್ಮ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

“ಕೃತಿ, ಈ ಸಿನಿಮಾದ ಕಥಿ ಯಾರ್ದು?”

ಉತ್ತರ ಇಬ್ಬರಿಗೂ ಗೊತ್ತಿತ್ತು. ಕೃತಿಕಾ ಹುಟ್ಟಿದ ವರ್ಷ ಮರುಳಸಿದ್ದಮ್ಮ ಈ ಮನೆಯ ಹಿಂದಿನ ಕೋಣೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದರು. ಕೂಸನ್ನು ಎತ್ತಿಕೊಳ್ಳುತ್ತಿರಲಿಲ್ಲ. ಒಮ್ಮೊಮ್ಮೆ ಗೋಡೆಗೆ ತಲೆ ಬಡಿದುಕೊಳ್ಳುತ್ತಿದ್ದರಂತೆ. ಬಂಧುಗಳಿಗೆ ಬಾಣಂತಿಗೆ ಕಾಮಾಲೆ ಎಂದು ಹೇಳಲಾಗಿತ್ತು. ಮಗಳು ದೊಡ್ಡವಳಾದ ಮೇಲೆ ಒಂದು ದಿನ ತಾಯಿಯೇ ಅದನ್ನು ಅವಳಿಗೆ ಹೇಳಿಕೊಂಡಿದ್ದರು. ಚಿತ್ರ ಹುಟ್ಟಿದ್ದು ಅಲ್ಲಿಂದ.

“ಸಿನಿಮಾ ಶುರುಮಾಡೋಕಿಂತ ಮೊದ್ಲು ನೀನು ನನ್ನ ಕೇಳಿದ್ದೆ. ‘ಅಮ್ಮ, ಇದು ನಿನ್ನ ಕಥಿ ಅಂತ ಹೇಳ್ಲಾ?’ ಅಂತ. ನಾನು ಬ್ಯಾಡ ಅಂದೆ. ಒಂದು ಸಂದರ್ಶನದಾಗೂ ಒಂದು ಪೇಪರ್‌ನಾಗೂ ನನ್ನ ಹೆಸರು ಬರದಂಗೆ ನೋಡ್ಕೊಂಡಿ. ನಂಗೆ ಎಷ್ಟು ನೆಮ್ಮದಿ ಆತು ಗೊತ್ತಾ?” ಅವರು ಸಿಪ್ಪೆಯನ್ನು ಬದಿಗೆ ಸರಿಸಿದರು. “ನಂಗೂ ಆಕಿಗೂ ಬಂದಿದ್ದು ಒಂದೇ ಕಾಯಿಲೆ. ನಂಗೆ ಬಾಗಿಲು ಮುಚ್ಚಿಕೊಳ್ಳೋಕೆ ಕೋಣೆ ಇತ್ತು. ಆಕಿಗೆ ಹೊಳಿ ದಂಡಿ ಬಿಟ್ರೆ ಇನ್ನೇನಿತ್ತು? ಹಂಗಂತ ಆಕಿನ್ನ ಯಾರು ಬೇಕಾದ್ರೂ ನೋಡಬೌದಾ?”

“ನಾನು ಕೆಟ್ಟ ಉದ್ದೇಶದಿಂದ ಮಾಡಲಿಲ್ಲಮ್ಮ.”

“ಕೆಟ್ಟ ಉದ್ದೇಶ ಅಂತ ಯಾರಂದ್ರು? ನನ್ನ ಕೇಳಿದೆ, ಆಕಿನ್ನ ಕೇಳಲಿಲ್ಲ. ಅಷ್ಟೇ ನಾನು ಹೇಳೋದು.”

ಕೃತಿಕಾ ತಾಯಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಬಹಳ ಹೊತ್ತು ಇಬ್ಬರೂ ಅವರೆಕಾಯಿ ಸುಲಿದರು. ಸೆಟ್ಟುಗಳಲ್ಲಿ ತನ್ನನ್ನು ಯಾರೂ ಒಂದು ಮಾತು ಕೇಳದೆ ತೀರ್ಮಾನ ಮಾಡುತ್ತಿದ್ದ ದಿನಗಳು ಅವಳಿಗೆ ನೆನಪಾದವು. ಆಗ ಎಷ್ಟು ಕುದಿಯುತ್ತಿದ್ದಳು. ತನ್ನ ಕೈಗೆ ಕ್ಯಾಮೆರಾ ಬಂದ ದಿನ ತಾನೂ ಹಾಗೆಯೇ ‘ತೆಗಿ’ ಎಂದಿದ್ದಳು.

*

ಹರಿಹರದ ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ, ಗೂಡ್ಸ್ ಆಟೊ ನಿಂತಿದ್ದ ಒಂದು ಮನೆಯ ಮುಂಭಾಗದಲ್ಲೇ ರೇಖಾಳ ರೊಟ್ಟಿಯ ಒಲೆ. ಕೃತಿಕಾ ಒಬ್ಬಳೇ ಹೋಗಿದ್ದಳು. ರೇಖಾಳ ಗಂಡ ಮಾಲತೇಶ್ ಅವಳನ್ನು ಕಂಡವನೇ ಮುಖ ಬಿಗಿದುಕೊಂಡ. ಕುರ್ಚಿ ಮಾತ್ರ ತಂದು ಹಾಕಿದ.

“ನಾನು ಸುಮ್ಮನೆ ಬಿಡ್ತಿರಲಿಲ್ರಿ,” ಎಂದ. “ಇವಳು ತಡೆದ್ಲು. ‘ಹೆಣ್ಣುಮಗಳು ಮಾಡ್ಯಾಳೆ, ಹೇಳಿದ್ರೆ ಅರ್ಥ ಆಗ್ತದೆ’ ಅಂದ್ಲು.”

“ಮುಖ ಕಾಣದ ಹಾಗೆ ಮಾಡಿದ್ರೆ ಸಾಕಾ ಅಂತ ಕೇಳೋಕೆ ಬಂದೆ,” ಎಂದಳು ಕೃತಿಕಾ.

ರೇಖಾ ಹಿಟ್ಟು ತಟ್ಟುವುದನ್ನು ನಿಲ್ಲಿಸಿದಳು. “ಟಿವ್ಯಾಗೆ ಕಳ್ಳರ ಮುಖ ಮಸುಕು ಮಾಡ್ತಾರೆ. ನಾನೇನು ಕದ್ದೀನ್ರಿ?”

ಒಳಗಿನಿಂದ ಸಹನಾ ಬಾಗಿಲವರೆಗೆ ಬಂದಳು. ತೆಳ್ಳನೆಯ ಹುಡುಗಿ. ಅಮ್ಮನನ್ನೂ ಕೃತಿಕಾಳನ್ನೂ ನೋಡಿ, “ಅಮ್ಮ ಈಗ ಹಂಗಿಲ್ಲ,” ಎಂದಳು. ಅಮ್ಮ ಇನ್ನೂ ಹಾಗೆಯೇ ಇದ್ದಾಳೆಂದು ಯಾರೋ ವಾದಿಸಿದ್ದಾರೇನೋ ಎಂಬಂತಿತ್ತು ಅವಳ ದನಿ.

“ಗೊತ್ತಮ್ಮ,” ಎಂದಳು ಕೃತಿಕಾ. ಆಮೇಲೆ ರೇಖಾಳ ಕಡೆ ತಿರುಗಿದಳು. “ನಿಮಗೆ ಏನು ಬೇಕು ಅಂತ ನಾನು ಅವತ್ತು ಕೇಳಲೇ ಇಲ್ಲ. ಈಗ ಹೇಳಿ.”

“ನಾನು ಅದ್ರಾಗೆ ಇರಬಾರದು. ನನ್ನ ದನಿನೂ ಇರಬಾರದು. ಅಷ್ಟೇ.”

“ಆಯ್ತು. ಇರಲ್ಲ.”

ಇಷ್ಟು ಸುಲಭವಾಗಿ ಒಪ್ಪಿಗೆ ಸಿಗುತ್ತದೆಂದು ರೇಖಾ ಎಣಿಸಿರಲಿಲ್ಲ. ಅವಳು ಗಂಡನ ಮುಖ ನೋಡಿದಳು. ಮಾಲತೇಶ್, “ಚಾ ಕುಡೀತೀರಾ?” ಎಂದು ಕೇಳಿದ.

ಅದೇ ಸಂಜೆ ನಾಲ್ವರೂ ಪೊಲೀಸ್ ಠಾಣೆಗೆ ಹೋದರು. ರೀಲ್ ಹಾಕಿದವರ ಮೇಲೆ ದೂರು ಕೊಟ್ಟರು. ಚಿತ್ರದ ಹಕ್ಕು ನಮ್ಮದು, ನಮ್ಮ ಒಪ್ಪಿಗೆಯಿಲ್ಲದೆ ಹಾಕಿದ್ದಾರೆ ಎಂದು ಕೃತಿಕಾ ತನ್ನ ಹೆಸರಿನಲ್ಲೂ ಬರೆದುಕೊಟ್ಟಳು. ಕೆಲವೇ ದಿನಗಳಲ್ಲಿ ಮೂಲ ರೀಲ್ ಹೋಯಿತು, ಅದರ ನಕಲುಗಳೂ ಒಂದೊಂದಾಗಿ ಮರೆಯಾದವು. ಶಾಲೆಗೂ ಅವಳು ಒಮ್ಮೆ ಹೋಗಿ ಬಂದಳು. ಭಾಷಣ ಮಾಡಲಿಲ್ಲ. ಸಹನಾಳ ಟೀಚರ್ ಪುಷ್ಪಲತಾ ಅವರೊಡನೆ ಕೂತು ಮಾತಾಡಿದಳು. ಉಳಿದದ್ದನ್ನು ಟೀಚರ್ ನೋಡಿಕೊಂಡರು.

*

ಕರಿಬಸವರಾಜನನ್ನು ಒಪ್ಪಿಸುವುದು ಕಷ್ಟವಾಗುತ್ತದೆಂದು ಕೃತಿಕಾ ಅಂದುಕೊಂಡಿದ್ದಳು. ಅಂಗಡಿಗೆ ಹೋಗಿ, “ಆ ದೃಶ್ಯ ತೆಗೀರಿ, ಇಲ್ಲ ಅಂದ್ರೆ ನಿರ್ದೇಶಕಿ ಅಂತ ನನ್ನ ಹೆಸರು ತೆಗೀರಿ,” ಎಂದಳು.

ಅವನು ಸೀರೆಯ ಅಂಚನ್ನು ಬೆರಳಿನಲ್ಲಿ ಸವರಿದ. “ನಿನ್ನೆ ನಮ್ಮ ಮನ್ಯಾಗೆ ಇದೇ ಮಾತು ಬಂತು. ‘ಅಲ್ಲಿ ನಿಂತಾಕಿ ನಿಮ್ಮ ತಂಗಿ ಆಗಿದ್ರೆ ಇಡ್ತಿದ್ರಾ?’ ಅಂದ್ಲು ನಮ್ಮಾಕಿ. ಇಡ್ತಿದ್ದಿಲ್ಲ. ಅಂದ ಮೇಲೆ ಏನು ಮಾತು? ತೆಗಿ. ಸೆನ್ಸಾರಿನ ಕೆಲಸ ನಾನು ನೋಡ್ತೀನಿ.”

ಸಂಕಲನಕಾರ್ತಿ ಇರಮ್‌ಗೆ ಅದು ಹಿಡಿಸಲಿಲ್ಲ. “ಚಿತ್ರದ ಉಸಿರೇ ಅಲ್ಲಿತ್ತು,” ಎಂದಳು. ಆದರೂ ತೆಗೆದಳು. ಆ ಜಾಗದಲ್ಲಿ ಹೊಳೆಯ ನೀರನ್ನೂ ದೂರದ ದಂಡೆಯನ್ನೂ ಮಾತ್ರ ಉಳಿಸಿದಳು. ಇಬ್ಬರೂ ಮತ್ತೆ ಮತ್ತೆ ನೋಡಿದರು. ಚಿತ್ರ ಕುಸಿಯಲಿಲ್ಲ. ಮೊದಲಿನಷ್ಟು ಬಿಗಿಯಾಗಿಯೂ ಉಳಿಯಲಿಲ್ಲ. ಕೃತಿಕಾ ಅದನ್ನು ಇರಮ್ ಎದುರು ಒಪ್ಪಿಕೊಂಡಳು. ಸೆನ್ಸಾರಿನ ಒಪ್ಪಿಗೆ ಸಿಕ್ಕಿ ಮೊಬೈಲಿನಲ್ಲೂ ಈ ಪ್ರತಿಯೇ ಬಂತು. ಹೊರದೇಶದ ಉತ್ಸವದವರು ಹಳೆಯ ಪ್ರತಿಯನ್ನೇ ಕಳಿಸಬೇಕೆಂದರು. ಆಗುವುದಿಲ್ಲ ಎಂದು ಇವಳು ಉತ್ತರ ಬರೆದಳು. ಅವರು ಆಹ್ವಾನವನ್ನು ಹಿಂತೆಗೆದುಕೊಂಡರು. ಆ ದಿನ ಅವಳಿಗೆ ಬೇಸರವಾಯಿತು. ಸಂಜೆಯಾದ ಮೇಲೆ ತಾಯಿಯ ಜೊತೆ ಮಾರ್ಕೆಟ್ಟಿಗೆ ಹೋಗಿ ತರಕಾರಿ ತಂದಳು. ಬರುವಾಗ ಹೆಗಲ ಮೇಲಿಂದ ಏನೋ ಇಳಿದಂತಿತ್ತು. ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

*

ಬೇಸಿಗೆ ಶುರುವಾಗುವ ಹೊತ್ತಿಗೆ ಹರಿಹರದ ಮಹಿಳಾ ಸಂಘದವರು ಕಲ್ಯಾಣ ಮಂಟಪವೊಂದರಲ್ಲಿ ಚಿತ್ರ ತೋರಿಸುವ ಏರ್ಪಾಡು ಮಾಡಿದರು. ಚಿತ್ರದ ನಂತರ ಬಾಣಂತಿಯರ ಮನಸ್ಸಿನ ಆರೋಗ್ಯದ ಬಗ್ಗೆ ಡಾಕ್ಟರೊಬ್ಬರ ಮಾತು ಇತ್ತು. ಕೃತಿಕಾ ರೇಖಾಳಿಗೆ ಫೋನ್ ಮಾಡಿ, “ನಿಮ್ಮೂರಿಗೆ ಬರ್ತಿದೀನಿ, ಆದ್ರೆ ನೀವು ಬರಲೇಬೇಕು ಅಂತೇನಿಲ್ಲ,” ಎಂದು ಹೇಳಿದ್ದಳು.

ರೇಖಾ ಬಂದಳು. ಚಿಕ್ಕವನನ್ನು ನೆರೆಮನೆಯಲ್ಲಿ ಬಿಟ್ಟು, ಗಂಡನನ್ನೂ ಮಗಳನ್ನೂ ಕರೆದುಕೊಂಡು ಬಂದಳು. ಸಹನಾ ಶಾಲೆಯ ಗೆಳತಿಯರನ್ನು ಕಂಡು ಅವರ ಪಕ್ಕಕ್ಕೆ ಓಡಿದಳು. ರೇಖಾ ಗಂಡಸರ ಸಾಲಿನ ಪಕ್ಕದಲ್ಲಿ ಮಾಲತೇಶನಿಗೆ ಹತ್ತಿರವಾಗುವಂತೆ ಕೂತಳು. ಅವಳ ಇನ್ನೊಂದು ಬದಿಗೆ ಮೈಲಮ್ಮ ಎಂಬ ವಯಸ್ಸಾದ ಹೆಂಗಸು, ರೇಖಾಳ ಬೀದಿಗೆ ಹೊಸಬರು, ಮಗನ ಮನೆಗೆ ಬಂದವರು. ಕೃತಿಕಾ ಅವರ ಹಿಂದಿನ ಸಾಲಿನಲ್ಲಿ ಜಾಗ ಹಿಡಿದಳು. ಸಂಘದವರು ಮುಂದೆ ಕರೆದರೂ ಹೋಗಲಿಲ್ಲ.

ಚಿತ್ರ ಶುರುವಾಯಿತು. ಹೊಳೆಯ ದೃಶ್ಯ ಹತ್ತಿರ ಬರುತ್ತಿದ್ದಂತೆ ರೇಖಾಳ ಕೈ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿಯಿತು. ಮಾಲತೇಶ್ ತನ್ನ ಕೈಯನ್ನು ಅದರ ಮೇಲಿಟ್ಟ. ತೆರೆಯ ಮೇಲೆ ತುಂಗಭದ್ರೆ ಬಂದಳು. ದಂಡೆಯ ಜನ ದೂರದಲ್ಲಿ ಚುಕ್ಕೆಗಳಂತೆ ಕಂಡರು. ನೀರು ಹರಿಯಿತು. ಯಾರೂ ಕಿರುಚಲಿಲ್ಲ. ಆಮೇಲೆ ಚಿತ್ರದ ಸೊಸೆ ಮನೆಯ ಹಿತ್ತಲಿನಲ್ಲಿ ಕೂತಿದ್ದಳು.

ಕತ್ತಲಲ್ಲಿ ರೇಖಾಳ ಹೆಗಲು ಮೆಲ್ಲಗೆ ಇಳಿದದ್ದನ್ನು ಕೃತಿಕಾ ಕಂಡಳು. ಸ್ವಲ್ಪ ಹೊತ್ತಿಗೆ ಆಕೆ ಕುರ್ಚಿಗೆ ಬೆನ್ನು ಕೊಟ್ಟು ಕೂತಳು. ಆಮೇಲೆ ಉಳಿದವರಂತೆ ಅವಳೂ ಸಿನಿಮಾ ನೋಡಿದಳು. ಚಿತ್ರದ ಅತ್ತೆ ಬೈದಾಗ ನಾಲಗೆಯಿಂದ ಚ್ಚು ಚ್ಚು ಎಂದಳು. ಸೊಸೆಯನ್ನು ಅವಳ ಗಂಡ ಆಸ್ಪತ್ರೆಯ ಮೆಟ್ಟಿಲು ಹತ್ತಿಸಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೊನೆಯಲ್ಲಿ ಸೊಸೆ ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವಾಗ, ನೀರು ಹಾಕುವ ರೀತಿ ಸರಿಯಿಲ್ಲವೆಂದು ತನ್ನ ಗಂಡನ ಕಿವಿಯಲ್ಲಿ ಹೇಳಿದಳು. ಮಾಲತೇಶ್ ನಕ್ಕ.

ದೀಪಗಳು ಹತ್ತಿದವು. ಮೈಲಮ್ಮ ಮೂಗು ಒರೆಸಿಕೊಳ್ಳುತ್ತ ರೇಖಾಳ ಕಡೆ ತಿರುಗಿದರು.

“ಪಾಪ, ಆ ಹುಡುಗಿ ಎಷ್ಟು ಕಷ್ಟಪಟ್ಲು ನೋಡವ್ವ. ಯಾವೂರಾಕಿನೋ ಏನೋ.”

ರೇಖಾ ಒಂದು ಕ್ಷಣ ಖಾಲಿ ತೆರೆಯನ್ನು ನೋಡಿದಳು.

“ಯಾವೂರಾಕಿ ಆದ್ರೇನ್ರಿ,” ಎಂದಳು, “ಆರಾಮಾದ್ಲಲ್ಲ.”

ಹಿಂದಿನ ಸಾಲಿನಲ್ಲಿ ಕೃತಿಕಾ ತಲೆ ತಗ್ಗಿಸಿ ಕೂತಳು. ವೇದಿಕೆಯಿಂದ ಅವಳ ಹೆಸರು ಕೂಗುತ್ತಿದ್ದರು. ಎದ್ದು ಹೋಗುವ ಮೊದಲು ಇನ್ನೊಂದಷ್ಟು ಹೊತ್ತು ಅಲ್ಲೇ, ಆ ಇಬ್ಬರು ಹೆಂಗಸರ ಹಿಂದೆ, ಹಾಗೆಯೇ ಕೂತಿರಬೇಕೆನ್ನಿಸಿತು.